ಅಮೆರಿಕದಲ್ಲಿ ಡಯಟೀಷಿಯನ್ ಆಗೋಕೆ ಎಂಎಸ್ಸಿ ಒಂದೇ ಸಾಕಾ?

ಪ್ರಶ್ನೆ: ಮೇಡಂ, ನಂದು ಊರಲ್ಲೇ ಫುಡ್ ಅಂಡ್ ನ್ಯೂಟ್ರಿಷನ್ ಎಂಎಸ್ಸಿ ಆಗಿದೆ, ಆಸ್ಪತ್ರೆಲಿ ಕೆಲಸಾನೂ ಮಾಡಿದೀನಿ. ಮದುವೆ ಆಗಿ ಈಗ ಅಮೆರಿಕಕ್ಕೆ ಬಂದಿದೀನಿ. ಇಲ್ಲಿ ರಿಜಿಸ್ಟರ್ಡ್ ಡಯಟೀಷಿಯನ್ ಆಗ್ಬೇಕಂದ್ರೆ ಮಾಸ್ಟರ್ಸ್ ಕಡ್ಡಾಯ ಅಂತಾರೆ, ಅದು ನನ್ನ ಹತ್ರ ಇದೆಯಲ್ಲ, ನೇರ ಪರೀಕ್ಷೆ ಬರೀಬಹುದಾ? ಇಲ್ಲಾಂದ್ರೆ ಒಂದು ಆನ್‌ಲೈನ್ ನ್ಯೂಟ್ರಿಷನ್ ಮಾಸ್ಟರ್ಸ್ ಕಡಿಮೆ ಫೀಸಿಗೆ ಸಿಗ್ತಿದೆ, ಸೇರ್ಕೊಳ್ಲಾ?

ಉತ್ತರ: ನೋಡಮ್ಮ, ದುಡ್ಡು ಕಟ್ಟೋಕೆ ಮುಂಚೆ ಕೇಳಿದ್ಯಲ್ಲ, ಅದೇ ಒಳ್ಳೇದಾಯ್ತು. 2024ರ ಜನವರಿ 1ರಿಂದ ಅಲ್ಲಿ ಹೊಸದಾಗಿ ಪರೀಕ್ಷೆಗೆ ಕೂರೋರಿಗೆ ಮಾಸ್ಟರ್ಸ್ ಬೇಕೇ ಬೇಕು, ನೀನು ಕೇಳಿರೋದು ಸರಿ. ಆದ್ರೆ ಡಿಗ್ರಿ ಅನ್ನೋದು ಮೂರರಲ್ಲಿ ಒಂದು ಮಾತ್ರ. ಅಸೆಂಡ್ ಅಂತಾರಲ್ಲ, ಡಯಟೆಟಿಕ್ಸ್ ಕೋರ್ಸುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ, ಅದು ಒಪ್ಪಿರೋ ಪ್ರೋಗ್ರಾಮಲ್ಲಿ ಡಯಟೆಟಿಕ್ಸ್ ಪಾಠ ಮುಗಿದಿರ್ಬೇಕು, ಆಮೇಲೆ ಕನಿಷ್ಠ 1000 ಗಂಟೆ ಮೇಲ್ವಿಚಾರಣೆಯಲ್ಲಿ ತರಬೇತಿ ಆಗಿರ್ಬೇಕು, ಇವೆರಡೂ ಆಗಿದ್ರೇನೇ ನಿನ್ನ ಹೆಸರು ಪರೀಕ್ಷೆಗೆ ಹೋಗೋದು.

ನೀನು ಹೇಳ್ತಿರೋ ಆನ್‌ಲೈನ್ ಕೋರ್ಸ್ ಬಗ್ಗೆ ನಂಗೆ ಭಯ ಆಗೋದು ಇಲ್ಲೇ. ಹೆಸರಲ್ಲಿ ನ್ಯೂಟ್ರಿಷನ್ ಅಂತ ಇರುತ್ತೆ, ಯೂನಿವರ್ಸಿಟಿಗೂ ಮಾನ್ಯತೆ ಇರುತ್ತೆ, ಆದ್ರೆ ಡಯಟೆಟಿಕ್ಸ್ ಪ್ರೋಗ್ರಾಮಿಗೆ ಅಸೆಂಡ್ ಮಾನ್ಯತೆ ಇರಲ್ಲ, ಹುಡುಗೀರು ಎರಡು ವರ್ಷ ಓದಿ ಮುಗಿಸಿದ್ಮೇಲೆ ಗೊತ್ತಾಗಿ ಅಳ್ತಾರೆ. ಅವರಿಗೆ ಇಮೇಲ್ ಹಾಕಿ ಒಂದೇ ಮಾತು ಕೇಳು, ಕೋರ್ಸ್ ಮುಗಿದಾಗ ವೆರಿಫಿಕೇಶನ್ ಸ್ಟೇಟ್‌ಮೆಂಟ್, ಅಂದ್ರೆ ಅಸೆಂಡ್ ಒಪ್ಪಿರೋ ಪ್ರೋಗ್ರಾಮ್ ಮುಗಿಸಿದಾಳೆ ಅನ್ನೋ ಪತ್ರ, ಕೊಡ್ತೀರಾ ಅಂತ. ಹಾರಿಕೆ ಉತ್ತರ ಬಂದ್ರೆ ಆ ಕಡೆ ತಲೆ ಹಾಕ್ಬೇಡ.

ನಿನ್ನ ಎಂಎಸ್ಸಿ ವೇಸ್ಟ್ ಅಂತ ಅಂದ್ಕೋಬೇಡ ಮತ್ತೆ. ಅದನ್ನ ಅಲ್ಲಿನ ಒಪ್ಪಿತ ಏಜೆನ್ಸಿಯಿಂದ ಇವ್ಯಾಲ್ಯುಯೇಶನ್ ಮಾಡಿಸು, ಅಲ್ಲಿನ ಮಾಸ್ಟರ್ಸ್‌ಗೆ ಸಮ ಅಂತ ಬಂದ್ರೆ ಇನ್ನೊಂದು ಡಿಗ್ರಿಯ ಖರ್ಚೇ ಉಳೀಬಹುದು. ಆಮೇಲೆ ಅಸೆಂಡ್ ಪ್ರೋಗ್ರಾಮಿನ ಡೈರೆಕ್ಟರ್ ಒಬ್ಬರಿಗೆ ನಿನ್ನ ಮಾರ್ಕ್ಸ್ ಕಾರ್ಡು ಸಿಲಬಸ್ಸು ತೋರ್ಸಿದ್ರೆ ಯಾವ ಪಾಠ ಬಾಕಿ ಅಂತ ಹೇಳ್ತಾರೆ, ಅಷ್ಟು ಓದಿ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕ್ಬಹುದು. ಇಂಡಿಯನ್ ಡಯಟೆಟಿಕ್ ಅಸೋಸಿಯೇಶನ್ ಕೊಡೋ ಆರ್‌ಡಿ (ರಿಜಿಸ್ಟರ್ಡ್ ಡಯಟೀಷಿಯನ್) ಇದ್ರೂ ಅದು ಅಲ್ಲಿ ತಾನಾಗೇ ನಡೆಯಲ್ಲ. ಇಂಟರ್ನ್‌ಶಿಪ್‌ಗೆ ಬಹುಪಾಲು ಸಂಬಳ ಇರಲ್ಲ, ಉಲ್ಟಾ ನಾವೇ ಫೀಸ್ ಕಟ್ಬೇಕು, ಹಾಗಾಗಿ ವೀಸಾ ವಿಚಾರ, ಮನೆ ಖರ್ಚು ಎರಡನ್ನೂ ಮೊದಲೇ ಕೂತು ಮಾತಾಡ್ಕೊಳ್ಳಿ.

ಪ್ರಶ್ನೆ: ಇಂಟರ್ನ್‌ಶಿಪ್‌ನಲ್ಲಿ ಮುಂದಿನ ತಿಂಗಳು ನಂಗೆ ಐಸಿಯು ರೊಟೇಶನ್, ಅಂದ್ರೆ ಐಸಿಯುನಲ್ಲಿ ತರಬೇತಿ ಸರದಿ. ಟ್ಯೂಬ್ ಫೀಡಿಂಗ್ ಲೆಕ್ಕ ಅಂದ್ರೆ ಕೈಕಾಲು ನಡುಗುತ್ತೆ ಮೇಡಂ. ಏನು ಓದ್ಕೊಂಡು ಹೋಗ್ಲಿ?

ಉತ್ತರ: ಲೆಕ್ಕ ಸುಲಭ ಕಣಮ್ಮ, ಲೆಕ್ಕದ ಸುತ್ತ ಏನಿದೆ ಅನ್ನೋದೇ ಕಷ್ಟ. ರೋಗಿಗೆ 1800 ಕ್ಯಾಲೊರಿ ಬೇಕು, ಫಾರ್ಮುಲಾದಲ್ಲಿ ಒಂದು ಎಂಎಲ್‌ಗೆ 1.5 ಕ್ಯಾಲೊರಿ ಇದೆ ಅಂದ್ರೆ 1200 ಎಂಎಲ್, 24 ಗಂಟೆಗೆ ಹಂಚಿದ್ರೆ ಗಂಟೆಗೆ 50. ಇಷ್ಟೇ. ಆದ್ರೆ ಸ್ಕ್ಯಾನಿಗೆ ಕರ್ಕೊಂಡು ಹೋದ್ರು, ಪ್ರೊಸೀಜರ್ ಇದೆ ಅಂತ ನಿಲ್ಲಿಸಿದ್ರು ಅಂತ ದಿನಾ ನಾಲ್ಕು ಗಂಟೆ ಫೀಡ್ ನಿಂತೇ ಇದ್ರೆ? ಆಗ 20 ಗಂಟೆಗೆ ಲೆಕ್ಕ ಹಾಕಿ 60ಕ್ಕೆ ಏರಿಸ್ಬೇಕಾಗುತ್ತೆ. ಪ್ರೊಪೊಫಾಲ್ ಡ್ರಿಪ್ ಓಡ್ತಿದ್ರೆ ಅದು ಕೊಬ್ಬಲ್ಲಿ ಕಲಸಿರೋ, ನಿದ್ದೆ ಬರಿಸೋ ಔಷಧ, ಒಂದು ಎಂಎಲ್‌ಗೆ 1.1 ಕ್ಯಾಲೊರಿ, ಗಂಟೆಗೆ 10 ಎಂಎಲ್ ಹೋಗ್ತಿದ್ರೆ ದಿನಕ್ಕೆ 264 ಕ್ಯಾಲೊರಿ ನೀನು ಕೊಡದೇನೇ ಒಳಗೆ ಹೋಯ್ತು. ಬಹಳ ದಿನ ಊಟ ಇಲ್ಲದೆ ಸೊರಗಿರೋರಿಗಂತೂ ಒಂದೇ ಸಲ ಪೂರ್ತಿ ಕೊಡೋ ಹಾಗಿಲ್ಲ, ರಕ್ತದಲ್ಲಿ ಫಾಸ್ಫರಸ್ಸು ಪೊಟ್ಯಾಷಿಯಮ್ಮು ಧಡಕ್ಕನೆ ಇಳಿದು ಜೀವಕ್ಕೇ ಅಪಾಯ ಆಗುತ್ತೆ. ಇದಕ್ಕೇ ರೀಫೀಡಿಂಗ್ ಸಿಂಡ್ರೋಮ್ ಅನ್ನೋದು, ಇದೊಂದನ್ನ ಮಾತ್ರ ಕಣ್ಮುಚ್ಕೊಂಡು ಹೇಳೋಷ್ಟು ಓದ್ಕೊಂಡು ಹೋಗು.

ಇನ್ನೊಂದು, ಫೈಲ್ ನೋಡೋ ಮುಂಚೆ ರೋಗಿನ ನೋಡು. ಕಣತಲೆ ಗುಳಿ ಬಿದ್ದಿದೆಯಾ, ಕಾಲರ್ ಬೋನ್ ಎದ್ದು ಕಾಣ್ತಿದೆಯಾ, ಹೆಬ್ಬೆರಳು ತೋರುಬೆರಳು ಮಧ್ಯದ ಮಾಂಸ ಕರಗಿದೆಯಾ, ಅನುಮತಿ ಕೇಳಿ ಮುಟ್ಟಿ ನೋಡ್ಬೇಕು. ಆಲ್ಬುಮಿನ್ ಕಡಿಮೆ ಇದೆ ಅದಕ್ಕೇ ಅಪೌಷ್ಟಿಕತೆ ಅಂತ ಬರೆಯೋ ಅಭ್ಯಾಸ ಬಿಟ್ಬಿಡು, ಸೋಂಕು ಉರಿಯೂತ ಇದ್ರೂ ಅದು ಇಳಿಯುತ್ತೆ. ಊಟ ಎಷ್ಟು ಕಮ್ಮಿ ಆಗಿದೆ, ತೂಕ ಎಷ್ಟು ಇಳಿದಿದೆ, ಕೊಬ್ಬು ಕರಗಿರೋದು, ಮಾಂಸಖಂಡ ಕರಗಿರೋದು, ಊತ, ಕೈಹಿಡಿತದ ಬಲ ಕುಗ್ಗಿರೋದು, ಅಪೌಷ್ಟಿಕತೆ ಅನ್ನೋಕೆ ಈ ಆರರಲ್ಲಿ ಎರಡಾದ್ರೂ ಇರ್ಬೇಕು ಅಂತ 2012ರಿಂದ ಅಲ್ಲಿ ಬಳಕೆಯಲ್ಲಿದೆ. ಗೊತ್ತಿಲ್ಲದ್ದನ್ನ ಪ್ರಿಸೆಪ್ಟರ್ (ತರಬೇತಿ ಕೊಡೋ ಡಯಟೀಷಿಯನ್) ಹತ್ರ ಅಲ್ಲೇ ಕೇಳು, ನಾಚ್ಕೊಂಡು ಅಂದಾಜಲ್ಲಿ ಬರೀಬೇಡ, ಹಾಸಿಗೆ ಮೇಲಿರೋದು ಯಾರದೋ ಅಪ್ಪ ಅಮ್ಮ.

ಪ್ರಶ್ನೆ: ಅಮೆರಿಕದ ಡಯಟೀಷಿಯನ್ ಪರೀಕ್ಷೆಲಿ ಫೇಲ್ ಆದೆ. ಕ್ಲಿನಿಕಲ್ ಎಲ್ಲಾ ಚೆನ್ನಾಗೇ ಓದಿದ್ದೆ. ಎಲ್ಲಿ ಎಡವಿರ್ಬಹುದು?

ಉತ್ತರ: ಬೇಜಾರಾಗಿರುತ್ತೆ ಮಗು, ಆಗ್ಲೇಬೇಕು. ಕ್ಲಿನಿಕಲ್ ಓದಿದ್ದೆ ಅಂದ್ಯಲ್ಲ, ಅಲ್ಲೇ ಇದೆ ಅನ್ಸುತ್ತೆ. ಅಡುಗೆಮನೆ ನಡೆಸೋದು, ಬಜೆಟ್, ಸಿಬ್ಬಂದಿ, ಫುಡ್ ಸೇಫ್ಟಿ ಇವೆಲ್ಲ ಸೇರಿ ಪತ್ರಿಕೆಯ ಸುಮಾರು ಮೂರನೇ ಒಂದು ಭಾಗ ಇರುತ್ತೆ, ಆಸ್ಪತ್ರೆ ಇಷ್ಟಪಡೋ ಹುಡುಗ್ರು ಅದನ್ನೇ ಕೊನೆಗೆ ತಳ್ಳಿಬಿಡ್ತಾರೆ. ಜೊತೆಗೆ ಕಂಪ್ಯೂಟರಲ್ಲಿ ಹಿಂದಕ್ಕೆ ಹೋಗಿ ಉತ್ತರ ತಿದ್ದೋಕೆ ಬರಲ್ಲ, ಅದಕ್ಕೆ ಮನೇಲೂ ಹಾಗೇ ಪ್ರಾಕ್ಟೀಸ್ ಮಾಡು. 45 ದಿನ ಆದ್ಮೇಲೆ ಮತ್ತೆ ಬರೀಬಹುದು, ಸ್ಕೋರ್ ರಿಪೋರ್ಟಲ್ಲಿ ಯಾವ ಭಾಗ ಕಮ್ಮಿ ಬಂದಿದೆ ನೋಡ್ಕೊಂಡು ಅಲ್ಲಿಂದ ಶುರು ಮಾಡು.