ಮೊದಲು ಜಾತಕ ತರಿಸುವುದು ನಿಲ್ಲಲಿ

ಪ್ರಶ್ನೆ: ಮೇಡಂ, ನನಗೆ 31 ವರ್ಷ. ಸಿದ್ದಾಪುರ ತಾಲ್ಲೂಕಿನ ಹಳ್ಳಿಯವಳು, ಅಡಿಕೆ ತೋಟದ ಮನೆ. ಬೆಂಗಳೂರಿನಲ್ಲಿ ಕೆಲಸ. ಮೂರು ವರ್ಷಗಳಿಂದ ನಾನು ಪ್ರೀತಿಸಿದ ಹುಡುಗನ ಜೊತೆ ಒಂದೇ ಮನೆಯಲ್ಲಿದ್ದೇನೆ. ಮದುವೆಯಾಗಿಲ್ಲ, ಆಗುವ ಇಚ್ಛೆ ಇಬ್ಬರಿಗೂ ಇಲ್ಲ. ಯೋಚಿಸಿಯೇ ಮಾಡಿದ ತೀರ್ಮಾನವಿದು. ಗೆಳತಿಯ ಜೊತೆ ಇದ್ದೇನೆ ಎಂದು ಮನೆಯವರು ನಂಬಿದ್ದಾರೆ. ಆಯಿ, ಅಪ್ಪಯ್ಯ ಬರುತ್ತಾರೆಂದರೆ ನನ್ನ ಸಂಗಾತಿ ಬಟ್ಟೆಬರೆ, ಶೇವಿಂಗ್ ಸೆಟ್, ಚಪ್ಪಲಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಸ್ನೇಹಿತನ ರೂಮಿಗೆ ಹೋಗುತ್ತಾನೆ. ಅಣ್ಣನಿಗೆ ಮಾತ್ರ ವಿಷಯ ಗೊತ್ತು. 'ಅಪ್ಪಯ್ಯನಿಗೆ ಬಿಪಿ ಇದೆ, ಈಗ ಬೇಡ, ಸಮಯ ನೋಡಿ ನಾನೇ ಹೇಳುತ್ತೇನೆ' ಎನ್ನುತ್ತಿದ್ದಾನೆ. ಆಯಿ ಮೇಲಿಂದ ಮೇಲೆ ಜಾತಕ ತರಿಸುತ್ತಾಳೆ, ನಾನು ಏನಾದರೊಂದು ನೆಪ ಹೇಳುತ್ತೇನೆ. ತಂಗಿಗೂ ಮದುವೆಯ ವಯಸ್ಸು. ಸುಳ್ಳು ಹೇಳಿ ಸಾಕಾಗಿದೆ. ಹೇಗೆ ಹೇಳಲಿ? ಅಂದ ಹಾಗೆ, ಅವನು ಕೋಲಾರದ ಕಡೆಯವನು, ನಮ್ಮ ಜಾತಿಯವನಲ್ಲ.
— ಹೆಸರು ಬೇಡ, ಬೆಂಗಳೂರು

ಉತ್ತರ: ಉಳಿದದ್ದನ್ನೆಲ್ಲ ಆಮೇಲೆ ನೋಡೋಣ, ಮೊದಲು ಆ ಜಾತಕಗಳ ವಿಷಯ. ನಾನೂ ಘಟ್ಟದ ಮೇಲಿನವಳೇ. ತೋಟ ನೋಡಿಕೊಂಡು ಊರಿನಲ್ಲೇ ಉಳಿದ ಹುಡುಗರಿಗೆ ಹೆಣ್ಣು ಸಿಗದೆ, ಮನೆಯವರು ಉತ್ತರ ಭಾರತದವರೆಗೂ ಹೋಗಿ ಹುಡುಕಿದ್ದು ನಿಮಗೂ ಗೊತ್ತಿರುವ ಸಂಗತಿ. ನಿಮ್ಮ ಆಯಿ ತರಿಸುವ ಒಂದೊಂದು ಜಾತಕದ ಹಿಂದೆಯೂ ಅಂಥದೊಂದು ಮನೆಯಿರಬಹುದು. ಅಲ್ಲಿಯೂ ಒಬ್ಬ ತಾಯಿ ಫೋನ್ ಬಳಿ ಕುಳಿತು ಕಾಯುತ್ತಿರುತ್ತಾಳೆ. 'ಗಣ ಕೂಡಲಿಲ್ಲ', 'ಹುಡುಗಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ' ಎಂದು ಅವಳಿಗೆ ಉತ್ತರ ಕೊಡಬೇಕಾದವರು ನಿಮ್ಮ ಆಯಿ. ನೀವು ಯಾರೊಂದಿಗೆ, ಹೇಗೆ ಬದುಕುತ್ತೀರಿ ಎಂಬುದು ನಿಮ್ಮ ಸ್ವಂತ ವಿಷಯ. ಅದನ್ನು ಹೇಳಲೇಬೇಕೆಂದು ಯಾರೂ ನಿಮ್ಮನ್ನು ಒತ್ತಾಯಿಸುವಂತಿಲ್ಲ. ಆದರೆ ಗೊತ್ತಿಲ್ಲದವರನ್ನು ಈ ಸುಳ್ಳಿನೊಳಗೆ ಎಳೆದು ಕೂರಿಸಿದ್ದು ಬೇರೆಯೇ ಲೆಕ್ಕ. ನಾಳೆ ಸತ್ಯ ತಿಳಿದಾಗ ನಿಮ್ಮ ಆಯಿಗೆ ಮಗಳು ಮದುವೆಯಾಗದೆ ಇದ್ದಾಳೆ ಎಂಬುದಕ್ಕಿಂತ, ತಾನು ನಾಲ್ಕು ಮನೆಯವರ ಎದುರು ಪೆದ್ದಿಯಾದೆ ಎಂಬುದೇ ಹೆಚ್ಚು ಚುಚ್ಚುತ್ತದೆ. ಆದ್ದರಿಂದ ಇವತ್ತೇ ಫೋನ್ ಮಾಡಿ, 'ಆಯಿ, ಇನ್ನು ಯಾರ ಜಾತಕವನ್ನೂ ತರಿಸಬೇಡ. ಕಾರಣವನ್ನು ಮನೆಗೆ ಬಂದು ಹೇಳುತ್ತೇನೆ' ಎನ್ನಿ. ಆ ಮಾತು ಆಡಿದ ಮೇಲೆ ಊರಿಗೆ ಹೋಗದೆ ನಿಮಗೂ ಬೇರೆ ದಾರಿ ಇರುವುದಿಲ್ಲ.

ಅಣ್ಣನನ್ನು ನಂಬಿ ಕೂರಬೇಡಿ. ಅವನು ಒಳ್ಳೆಯವನೇ ಇರಬಹುದು. ಆದರೆ 'ಸಮಯ ನೋಡಿ' ಎನ್ನುವವರಿಗೆ ಆ ಸಮಯ ಬರುವುದೇ ಇಲ್ಲ. ಬಂದರೂ ಅವನು ಹೇಳುವುದು ನಿಮ್ಮ ಮಾತನ್ನಲ್ಲ, ನಿಮ್ಮ ಪರವಾಗಿ ಕ್ಷಮೆಯನ್ನು. ಅಪ್ಪಯ್ಯನ ಬಿಪಿಗೆ ಮಾತ್ರೆ ಇದೆ. ಮಗಳ ಸುದ್ದಿಯನ್ನು ಸೊಸೈಟಿಯಲ್ಲಿ ಅಡಿಕೆ ಮಾರಲು ಹೋದಾಗ ಪರರ ಬಾಯಿಂದ ಕೇಳಿದರೆ ಏರುವ ಬಿಪಿ, ಮನೆಯಲ್ಲಿ ನಿಮ್ಮಿಂದಲೇ ಕೇಳಿದರೆ ಏರುವುದಕ್ಕಿಂತ ಕಡಿಮೆ ಎಂದು ನನಗೆ ಅನ್ನಿಸುವುದಿಲ್ಲ. ಬೆಂಗಳೂರಿನಲ್ಲಿ ನಿಮ್ಮ ಸೀಮೆಯವರು ಎಷ್ಟು ಜನ ಇದ್ದಾರೆಂದು ಎಣಿಸಿ ನೋಡಿ. ಇಷ್ಟು ದಿನ ಯಾರ ಕಣ್ಣಿಗೂ ಬೀಳದಿದ್ದುದೇ ಆಶ್ಚರ್ಯ.

ಚೌತಿಗೆ ಹೋದಾಗ ಹೇಳುತ್ತೇನೆ ಎಂದುಕೊಂಡಿದ್ದರೆ ಬೇಡ. ಅತ್ತೆ, ಚಿಕ್ಕಮ್ಮಂದಿರು ತುಂಬಿದ ಮನೆಯಲ್ಲಿ ನಿಮ್ಮ ಆಯಿಗೆ ಅಳುವುದಕ್ಕೂ ಜಾಗವಿರುವುದಿಲ್ಲ. ಕೊನೆ ಕೊಯ್ಲಿನ ದಿನಗಳೂ ಬೇಡ. ರಾತ್ರಿ ಅಡಿಕೆ ಸುಲಿಯುವವರು ಅಂಗಳದಲ್ಲೇ ಇರುತ್ತಾರೆ. ಕೆಲಸ ಹಗುರವಾಗಿರುವ ಸಾಮಾನ್ಯ ವಾರವೊಂದರಲ್ಲಿ ಹೋಗಿ. ಒಬ್ಬರೇ ಹೋಗಿ, ಮೊದಲ ಸಲಕ್ಕೆ ಅವನನ್ನು ಕರೆದೊಯ್ಯಬೇಡಿ, ಎದುರಿಗೆ ಕುಳಿತವನನ್ನು ಅವರು ಬೈಯುವ ಹಾಗೂ ಇಲ್ಲ, ಮಾತನಾಡಿಸುವ ಹಾಗೂ ಇಲ್ಲ. ಮರುದಿನವೇ ಬಸ್ ಹತ್ತದೆ ಎರಡು ರಾತ್ರಿಯಾದರೂ ಅಲ್ಲಿರಿ. ಮೊದಲ ದಿನದ ಸಿಟ್ಟಿನ ಮಾರನೆಯ ಬೆಳಿಗ್ಗೆಯೇ ನಿಜವಾದ ಪ್ರಶ್ನೆಗಳು ಬರುವುದು.

ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳಿ. ಆಯಿಗೆ ಮೊದಲು ಹೇಳಿ, ಅಪ್ಪಯ್ಯನಿಂದ ಮುಚ್ಚಿಡು ಎಂದರೆ ನಿಮ್ಮ ಸುಳ್ಳನ್ನು ಅವಳ ತಲೆಗೆ ಕಟ್ಟಿದ ಹಾಗೆ. ಮಾತು ಇಷ್ಟೇ ಇರಲಿ: 'ಮೂರು ವರ್ಷದಿಂದ ನಾನು ಒಬ್ಬ ಹುಡುಗನ ಜೊತೆ ಒಂದೇ ಮನೆಯಲ್ಲಿದ್ದೇನೆ. ಗೆಳತಿ ಎಂದು ಹೇಳಿದ್ದು ಸುಳ್ಳು. ಅವನು ಕೋಲಾರದವನು, ಇಂಥ ಜಾತಿ, ಇಂಥ ಕೆಲಸ. ನಾವು ಮದುವೆಯಾಗುವುದಿಲ್ಲ ಎಂದು ತೀರ್ಮಾನಿಸಿದ್ದೇವೆ.' ಜಾತಿಯನ್ನು ನೀವು ಪತ್ರದ ಕೊನೆಯ ಸಾಲಿಗೆ, 'ಅಂದ ಹಾಗೆ' ಎಂಬ ಮಾತಿನ ಹಿಂದೆ ಅಡಗಿಸಿದ್ದೀರಿ. ಮನೆಯಲ್ಲಿ ಹಾಗೆ ಮಾಡಬೇಡಿ. ಅರ್ಧ ಹೇಳಿ ಅರ್ಧ ಉಳಿಸಿಕೊಂಡರೆ ಆರು ತಿಂಗಳಿಗೆ ಇನ್ನೊಂದು ರಾದ್ಧಾಂತವಾಗುತ್ತದೆ.

ಆಮೇಲೆ ಏನಾಗಬಹುದೆಂಬುದನ್ನು ಊಹಿಸಬಲ್ಲೆ. ಅಳು, ಊಟ ಬಿಡುವುದು, 'ತಂಗಿಯ ಗತಿಯೇನು' ಎಂಬ ಮಾತು. ಅದೆಲ್ಲ ಆದ ಮೇಲೆ ನಿಮ್ಮ ಆಯಿ ಒಂದು ಮೆಟ್ಟಿಲು ಇಳಿದು ಬರುತ್ತಾರೆ: 'ಜಾತಿ ಯಾವುದಾದರೂ ಆಗಲಿ, ಮದುವೆಯನ್ನಾದರೂ ಮಾಡಿಕೊಂಡುಬಿಡಿ.' ನೀವು ಸೋಲುವುದಾದರೆ ಇಲ್ಲಿಯೇ. ಬೈಗುಳವನ್ನು ತಡೆದುಕೊಳ್ಳಬಹುದು, ಈ ಔದಾರ್ಯವನ್ನು ತಡೆಯುವುದು ಕಷ್ಟ. ಅವರ ಮಟ್ಟಿಗೆ ಅದು ಬಹಳ ದೊಡ್ಡ ತ್ಯಾಗ, ಅಷ್ಟನ್ನು ಬಾಯಿಬಿಟ್ಟು ಒಪ್ಪಿಕೊಳ್ಳಿ. ಆಡಂಬರ ಬೇಡವೆಂದರೆ 1966ರಲ್ಲಿ ಕುವೆಂಪು ತಮ್ಮ ಮಗನಿಗೆ ಮಾಡಿಸಿದ ಮಂತ್ರ ಮಾಂಗಲ್ಯದ ಮಾದರಿ ಇದೆ; ಶಾಸ್ತ್ರವೇ ಬೇಡವೆಂದರೆ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸ್ ಕೊಟ್ಟು ನೋಂದಣಿ ಕಚೇರಿಯಲ್ಲಿ ಸಹಿ ಹಾಕಬಹುದು. ಅಣ್ಣ ಇವೆರಡನ್ನೂ ಸೂಚಿಸುತ್ತಾನೆ, ನೋಡುತ್ತಿರಿ. ನಿಮಗೆ ಬೇಡವಾದದ್ದು ಛತ್ರ, ಪುರೋಹಿತರೋ ಅಥವಾ ಮದುವೆಯೇ ಬೇಡವೋ ಎಂಬುದನ್ನು ನೀವಿಬ್ಬರೂ ಬೆಂಗಳೂರಿನಲ್ಲಿಯೇ ಇತ್ಯರ್ಥ ಮಾಡಿಕೊಂಡು ಹೊರಡಿ. 'ನೋಡೋಣ' ಎಂದು ಹೇಳಿ ಬಂದರೆ ಮರುದಿನದಿಂದ ಮುಹೂರ್ತ ಹುಡುಕುತ್ತಾರೆ.

ಅಪ್ಪಯ್ಯ ಕೇಳುವುದು ಬೇರೆ: 'ಅವನು ಬಿಟ್ಟುಹೋದರೆ?' ವಕೀಲಿ ಮಾಡಿದವಳಾಗಿ ಈ ಪ್ರಶ್ನೆಗೆ ನಾನು ಸ್ವಲ್ಪ ಉದ್ದವಾಗಿಯೇ ಉತ್ತರಿಸಬೇಕು. ವಯಸ್ಕರಿಬ್ಬರು ಮದುವೆಯಾಗದೆ ಒಟ್ಟಿಗೆ ಬಾಳುವುದು ಅಪರಾಧವಲ್ಲ. ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ಮದುವೆಯ ಸ್ವರೂಪದ ಸಂಬಂಧದಲ್ಲಿರುವ ಹೆಣ್ಣಿಗೂ ರಕ್ಷಣೆ, ಜೀವನಾಂಶ, ವಾಸದ ಹಕ್ಕನ್ನು ಕೊಡುತ್ತದೆ. ಆದರೆ ಒಟ್ಟಿಗಿದ್ದವರಿಗೆಲ್ಲ ಅದು ಸಿಗುವುದಿಲ್ಲ. ಅದೇ 2010ರ ಇನ್ನೊಂದು ತೀರ್ಪು ಷರತ್ತುಗಳನ್ನು ಹಾಕಿತು: ಇಬ್ಬರೂ ಮದುವೆಗೆ ಅರ್ಹರಾಗಿರಬೇಕು, ಸ್ವಂತ ಇಚ್ಛೆಯಿಂದ ಗಣನೀಯ ಕಾಲ ಕೂಡಿ ಬಾಳಿರಬೇಕು, ಜೊತೆಗೆ ಸಮಾಜದ ಎದುರು ಗಂಡ ಹೆಂಡಿರಂತೆ ಕಾಣಿಸಿಕೊಂಡಿರಬೇಕು. ಬೆಂಗಳೂರಿನ ಹೆಣ್ಣುಮಗಳೊಬ್ಬಳ ಪ್ರಕರಣ 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಆಕೆ ಕೂಡಿ ಬಾಳಿದ ಗಂಡಸಿಗೆ ಮೊದಲೇ ಮದುವೆಯಾಗಿತ್ತು, ಅದು ಆಕೆಗೆ ತಿಳಿದೂ ಇತ್ತು. ನಿಮ್ಮದು ಆ ಪರಿಸ್ಥಿತಿಯಲ್ಲ. ಆದರೆ ಅಪ್ಪಯ್ಯ ಬಂದಾಗಲೆಲ್ಲ ಶೇವಿಂಗ್ ಸೆಟ್ ಚೀಲ ಸೇರುತ್ತದಲ್ಲ, ಕಾನೂನಿನ ಕಣ್ಣಿನಲ್ಲಿ ನಿಮ್ಮನ್ನು ದುರ್ಬಲಗೊಳಿಸುವುದು ಅದೇ. ಎಲ್ಲರಿಂದ ಬಚ್ಚಿಟ್ಟ ಸಂಬಂಧಕ್ಕೆ ನಾಳೆ ಸಾಕ್ಷಿ ಹೇಳುವವರು ಯಾರು?

ಇನ್ನೊಂದು ಕೆಲಸವನ್ನು ಅಪ್ಪಯ್ಯನಿಗೆ ಹೇಳುವ ಮೊದಲೇ ಮಾಡಿ ಮುಗಿಸಿ. ಎಷ್ಟು ವರ್ಷ ಕೂಡಿ ಬಾಳಿದರೂ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ನೀವು ಪರಸ್ಪರ ವಾರಸುದಾರರಲ್ಲ. ಬ್ಯಾಂಕಿನಲ್ಲಿ ನಾಮಿನಿ ಎಂದು ಬರೆದ ಮಾತ್ರಕ್ಕೆ ಹಣದ ಒಡೆತನ ಬರುವುದಿಲ್ಲ. ಇಬ್ಬರೂ ಒಂದೊಂದು ಉಯಿಲು ಬರೆದು ಇಬ್ಬಿಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ. ತೋಟದ ಪಹಣಿಯನ್ನು ಅಂಗೈಗೆರೆಯಂತೆ ಬಲ್ಲ ಮನುಷ್ಯನಿಗೆ ಪ್ರೀತಿಯ ವಿವರಣೆಗಿಂತ ಈ ಕಾಗದಗಳೇ ಚೆನ್ನಾಗಿ ಅರ್ಥವಾಗುತ್ತವೆ. ಉತ್ತರಾಖಂಡದಲ್ಲಿ 2025ರ ಜನವರಿಯಿಂದ ಇಂಥ ಸಹಬಾಳ್ವೆಯನ್ನು ನೋಂದಾಯಿಸುವುದು ಕಡ್ಡಾಯವಾಗಿದೆ. ಪತ್ರಿಕೆ ಓದುವವರಾದರೆ ಅಪ್ಪಯ್ಯ ಅದನ್ನೂ ಎತ್ತಿಯಾರು. ಕರ್ನಾಟಕದಲ್ಲಿ ಆ ನಿಯಮವಿಲ್ಲ.

ತಂಗಿಯ ವಿಷಯದಲ್ಲಿ ನಿಮಗೆ ಸಮಾಧಾನದ ಮಾತು ಹೇಳಲಾರೆ. ಕೆಲವು ಸಂಬಂಧಗಳು ತಪ್ಪಿಹೋಗಬಹುದು. ಅದಕ್ಕಾಗಿಯೇ ಅವಳಿಗೆ ಎಲ್ಲರಿಗಿಂತ ಮೊದಲು ನೀವೇ ಹೇಳಿ, ಮತ್ತು ಅವಳ ಅಭಿಪ್ರಾಯವನ್ನು ಕೇಳಿ. ಅವಳ ಹೆಸರಿನಲ್ಲಿ ಇಡೀ ಮನೆಯೇ ಹೆದರುತ್ತಿದೆ, ಅವಳನ್ನು ಮಾತ್ರ ಯಾರೂ ಕೇಳಿದಂತಿಲ್ಲ.

ಕೆಲವು ತಿಂಗಳು ಫೋನ್ ಬರದೆ ಹೋಗಬಹುದು. ನೀವು ವಾರಕ್ಕೊಮ್ಮೆ ಮಾಡುತ್ತಲೇ ಇರಿ: ಮಳೆ ಹೇಗಿದೆ, ಕೊಳೆ ರೋಗಕ್ಕೆ ಮದ್ದು ಹೊಡೆಸಿದಿರಾ, ಇಷ್ಟೇ ಮಾತು. ಒಪ್ಪಿಗೆಯ ವಿಷಯ ಎತ್ತಬೇಡಿ. ನೀವು ಹೋದದ್ದು ತಿಳಿಸುವುದಕ್ಕೆ. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು.

ಪ್ರಶ್ನೆ: ಮಗ ಮತ್ತು ಸೊಸೆ ಮಕ್ಕಳು ಬೇಡವೆಂದು ನಿರ್ಧರಿಸಿ ನಮಗೆ ನೇರವಾಗಿ ತಿಳಿಸಿದ್ದಾರೆ. ನನ್ನ ಹೆಂಡತಿ ಮಾತ್ರ ನೆಂಟರ ಮುಂದೆ 'ಡಾಕ್ಟರಿಗೆ ತೋರಿಸುತ್ತಿದ್ದಾರೆ' ಎನ್ನುತ್ತಾಳೆ. ಸೊಸೆ ನಮ್ಮ ಮನೆಗೆ ಬರುವುದನ್ನೇ ಕಡಿಮೆ ಮಾಡಿದ್ದಾಳೆ.
— ನಿವೃತ್ತ ಶಿಕ್ಷಕ, ದಾವಣಗೆರೆ

ಉತ್ತರ: ಬರುವುದನ್ನು ಕಡಿಮೆ ಮಾಡದೆ ಇನ್ನೇನು ಮಾಡಿಯಾಳು? ಆ ಒಂದು ಮಾತಿನಿಂದ ಅವಳು ಊರವರ ಕಣ್ಣಿನಲ್ಲಿ ಬಂಜೆಯಾದಳು. ಕಂಡವರೆಲ್ಲ ಕುಕ್ಕೆಗೆ ಹೋಗಿ ಬಾ, ಘಾಟಿಗೆ ಹರಕೆ ಹೊತ್ತುಕೋ ಎನ್ನುತ್ತಿರುತ್ತಾರೆ. ಮಕ್ಕಳು ನಿಜ ಹೇಳಿದರು, ನೀವು ಅದನ್ನು ಕಾಯಿಲೆ ಮಾಡಿದಿರಿ. ಹೆಂಡತಿಯನ್ನು ದೂರಬೇಡಿ, ಹೆಂಗಸರ ಗುಂಪಿನಲ್ಲಿ ಈ ಪ್ರಶ್ನೆಗೆ ದಿನವೂ ತಲೆಕೊಡುವವರು ಅವರು, ನಿಮ್ಮನ್ನು ಯಾರೂ ಕೇಳುವುದಿಲ್ಲ. ಮುಂದಿನ ಮದುವೆ ಮನೆಯಲ್ಲಿ ಅವರ ಪಕ್ಕದಲ್ಲೇ ಕುಳಿತಿರಿ. ಯಾರಾದರೂ ಕೇಳಿದರೆ 'ಅವರಿಗೆ ಮಕ್ಕಳು ಬೇಡವಂತೆ, ನಮಗೆ ಹೇಳಿದ್ದಾರೆ' ಎಂದು ನೀವೇ, ಪಕ್ಕದ ಎಲೆಯವರಿಗೂ ಕೇಳುವಂತೆ ಹೇಳಿ. ಹೇಳಿದ್ದೀರಿ ಎಂಬುದನ್ನು ಸೊಸೆಗೆ ಫೋನ್ ಮಾಡಿ ತಿಳಿಸಿ.