ಗದ್ದಲವೆಂದು ಕರೆಸಿಕೊಳ್ಳುವ ಸಂಗೀತ

ಪ್ರಶ್ನೆ: ನಾವು ನಾಲ್ವರು ಎರಡು ವರ್ಷಗಳಿಂದ ಪ್ರಯೋಗಶೀಲ ಬ್ಯಾಂಡ್ ಒಂದನ್ನು ನಡೆಸುತ್ತಿದ್ದೇವೆ. ಗಿಟಾರ್, ಡ್ರಮ್ಸ್ ಜೊತೆಗೆ ಹಳೆಯ ರೇಡಿಯೋ, ತಗಡಿನ ಡಬ್ಬ, ಕ್ಯಾಸೆಟ್ ಪ್ಲೇಯರ್‌ಗಳನ್ನೂ ನುಡಿಸುತ್ತೇವೆ. ಖಾಲಿ ಗೋದಾಮು, ಪರಿಚಿತರ ಕೊಠಡಿಗಳಲ್ಲಿ ಕಾರ್ಯಕ್ರಮಗಳನ್ನು ನಾವೇ ಏರ್ಪಡಿಸುತ್ತೇವೆ. ಬರುವವರು ಸುಮಾರು ಮೂವತ್ತು ಜನ. ಅವರಲ್ಲೂ ಅರ್ಧದಷ್ಟು ಬೇರೆ ತಂಡಗಳವರು. ಉಳಿದವರು ‘ಇದು ಬರೀ ಗದ್ದಲ’ ಎನ್ನುತ್ತಾರೆ. ಸ್ಟುಡಿಯೋ, ಧ್ವನಿಮುದ್ರಣ ಸಂಸ್ಥೆಗಳ ಬೆಂಬಲವಿಲ್ಲದೆ ಇಂಥ ಸಂಗೀತ ಎಷ್ಟು ದೂರ ಹೋದೀತು? ಇನ್ನೊಂದು ಮಾತು: ಮೈಕ್ ಅಂಟಿಸಿದ ತಗಡಿನ ಡಬ್ಬದ ಸದ್ದು ತೆಳುವಾಗಿ, ಕೀರಲಾಗಿ ಬರುತ್ತದೆ, ಏಕೆ?

ಉತ್ತರ: ಕೇಳುಗರಲ್ಲಿ ಅರ್ಧದಷ್ಟು ಮಂದಿ ಬೇರೆ ತಂಡಗಳವರು ಎಂಬುದನ್ನು ನೀವು ಕೊರತೆಯೆಂಬಂತೆ ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಭರವಸೆ ತಂದದ್ದು ಆ ಸಾಲೇ. ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುವ ಸಂಗೀತಗಾರರ ಬಳಗ ಬೆಳೆದಿರುವುದೇ ಹೀಗೆ: ಈ ವಾರ ನುಡಿಸಿದವರು ಮುಂದಿನ ವಾರ ಕೇಳಲು ಬರುತ್ತಾರೆ, ಅದರ ಮುಂದಿನ ವಾರ ಬಾಗಿಲಲ್ಲಿ ನಿಂತು ಚೀಟಿ ಹರಿಯುತ್ತಾರೆ, ತಮ್ಮ ಆಂಪ್ಲಿಫೈಯರ್ ಅನ್ನು ಇನ್ನೊಂದು ತಂಡಕ್ಕೆ ಎರವಲು ಕೊಡುತ್ತಾರೆ.

ಸ್ಟುಡಿಯೋ ಇಲ್ಲವೆಂಬ ಚಿಂತೆಗೆ ಇತಿಹಾಸದಲ್ಲೇ ಉತ್ತರವಿದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1973ರಲ್ಲಿ ಹುಟ್ಟಿದ ಕ್ಯಾಬರೆ ವೋಲ್ಟೇರ್ ತಂಡದ ಮೂವರು ತಮ್ಮಲ್ಲೊಬ್ಬರ ಮನೆಯ ಅಟ್ಟದ ಮೇಲೆ ಟೇಪ್ ಕತ್ತರಿಸಿ ಅಂಟಿಸುತ್ತ ಕೆಲಸ ಆರಂಭಿಸಿದರು. ಲಂಡನ್ನಿನ ದಿಸ್ ಹೀಟ್ ತಂಡ ಬ್ರಿಕ್ಸ್‌ಟನ್‌ನಲ್ಲಿ ಬಳಕೆ ತಪ್ಪಿದ ಶೈತ್ಯಾಗಾರದ ಕೊಠಡಿಯೊಂದನ್ನೇ ಸ್ಟುಡಿಯೋ ಮಾಡಿಕೊಂಡಿತು. ಅದರ ಮೂವರಲ್ಲಿ ಒಬ್ಬರಾದ ಗ್ಯಾರೆತ್ ವಿಲಿಯಮ್ಸ್ ಸಂಗೀತವನ್ನು ಕ್ರಮವಾಗಿ ಕಲಿತವರೇ ಅಲ್ಲ. ಧ್ವನಿಮುದ್ರಣ ಸಂಸ್ಥೆಯ ಮಾತಿಗೆ ಬಂದರೆ, ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡ 500 ಪೌಂಡ್ ಸಾಲ ತಂದು, 1977ರ ಜನವರಿಯಲ್ಲಿ ತನ್ನ ಮೊದಲ ರೆಕಾರ್ಡಿನ ಸಾವಿರ ಪ್ರತಿಗಳನ್ನು ತಾನೇ ಹೊರತಂದಿತು. ಮರುವರ್ಷ ಸ್ಕ್ರಿಟಿ ಪೊಲಿಟಿ ತಂಡ ಧ್ವನಿಮುದ್ರಣಕ್ಕೆಷ್ಟು, ರೆಕಾರ್ಡಿಗೆ ಅಂಟಿಸುವ ಲೇಬಲ್ಲಿಗೆಷ್ಟು ಎಂಬ ಖರ್ಚಿನ ಲೆಕ್ಕವನ್ನೇ ರೆಕಾರ್ಡಿನ ಹೊದಿಕೆಯ ಮೇಲೆ ಅಚ್ಚು ಹಾಕಿಸಿ, ಈ ಕೆಲಸ ಯಾರ ಕೈಗಾದರೂ ಎಟುಕುತ್ತದೆಂದು ತೋರಿಸಿತು. ಆ ಲೆಕ್ಕದ ಪಟ್ಟಿಯನ್ನು ನಾನು ಯಾವ ಹಾಡಿಗೂ ಕಡಿಮೆಯಿಲ್ಲದ ಕೊಡುಗೆಯೆಂದು ಎಣಿಸುತ್ತೇನೆ.

ಗದ್ದಲವೆಂಬ ಮಾತನ್ನು ಮಾತ್ರ ಸುಮ್ಮನೆ ತಳ್ಳಿಹಾಕಬೇಡಿ. ಹೊಸ ಸದ್ದಿಗೆ ಕಿವಿ ಒಗ್ಗದವರು ಹಾಗೆನ್ನುವುದುಂಟು, ನಿಜ. ಆದರೆ ನುಡಿಸುವವರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದಿದ್ದಾಗಲೂ ಅದೇ ಮಾತು ಬರುತ್ತದೆ. ಎರಡರಲ್ಲಿ ಯಾವುದೆಂದು ತಿಳಿಯಲು ಪ್ರತಿ ಅಭ್ಯಾಸವನ್ನೂ ಕೊಠಡಿಯ ನಡುವೆ ಒಂದೇ ರೆಕಾರ್ಡರ್ ಇಟ್ಟು ಮುದ್ರಿಸಿಕೊಳ್ಳಿ, ಒಂದು ವಾರ ಅದನ್ನು ಮುಟ್ಟಬೇಡಿ, ಆಮೇಲೆ ನಾಲ್ವರೂ ಕೂತು ಕೇಳಿ. ಒಬ್ಬರು ನಿಲ್ಲಿಸಿದ್ದರಿಂದ ಇನ್ನೊಬ್ಬರ ದಾರಿ ಬದಲಾದ ಗಳಿಗೆಗಳನ್ನು ಗುರುತು ಹಾಕಿಕೊಳ್ಳಿ. ಒಂದು ಗಂಟೆಯಲ್ಲಿ ಅಂಥ ನಾಲ್ಕು ನಿಮಿಷ ಸಿಕ್ಕರೂ ಮುಂದಿನ ಅಭ್ಯಾಸಕ್ಕೆ ಅಷ್ಟು ಸಾಕು. ದಿಸ್ ಹೀಟ್ ತಂಡದ ಮೊದಲ ಆಲ್ಬಮ್‌ನಲ್ಲಿ ಹೀಗೆ ಕ್ಯಾಸೆಟ್‌ನಲ್ಲಿ ಹಿಡಿದಿಟ್ಟ ತುಣುಕುಗಳೂ ಸೇರಿವೆ.

ತಗಡಿನ ಡಬ್ಬದ ಸದ್ದು ತೆಳುವಾಗಿ, ಕೀರಲಾಗಿ ಬರುತ್ತದೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಡಬ್ಬದ ತಪ್ಪು ಅದರಲ್ಲಿಲ್ಲ. ನೀವು ಅಂಟಿಸಿರುವ ಕಾಂಟ್ಯಾಕ್ಟ್ ಮೈಕ್, ಅಂದರೆ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ನಾಣ್ಯದಂಥ ಹಿತ್ತಾಳೆಯ ಪೀಜೋ ಬಿಲ್ಲೆ, ಸುಮಾರು ಒಂದು ಮೆಗಾ ಓಮ್ ರೋಧವಿರುವ ಇನ್‌ಪುಟ್ ಸಿಕ್ಕರೆ ಮಾತ್ರ ಕೆಳಸ್ತರದ ಸದ್ದನ್ನು ಉಳಿಸಿಕೊಡುತ್ತದೆ. ಹಲವು ಸದ್ದುಗಳನ್ನು ಬೆರೆಸುವ ಮಿಕ್ಸರಿನ ಲೈನ್ ಇನ್‌ಪುಟ್‌ನ ರೋಧ ಅದಕ್ಕಿಂತ ಎಷ್ಟೋ ಕಡಿಮೆ. ಅಲ್ಲಿಗೆ ನೇರವಾಗಿ ಸಿಕ್ಕಿಸಿದರೆ ಮಂದ್ರವೆಲ್ಲ ಸೋರಿಹೋಗುತ್ತದೆ. ಗಿಟಾರ್ ಆಂಪ್ಲಿಫೈಯರ್ ಅಥವಾ ಬಫರ್ (ಇನ್‌ಪುಟ್ ರೋಧ ಹೆಚ್ಚಿರುವ ಪುಟ್ಟ ಸರ್ಕ್ಯೂಟ್) ಇರುವ ಗಿಟಾರ್ ಪೆಡಲ್‌ನ ಮೂಲಕ ಹಾಯಿಸಿ ನೋಡಿ, ಅದೇ ಡಬ್ಬ ನಗಾರಿಯಂತೆ ಗುಡುಗುತ್ತದೆ. ಬಿಲ್ಲೆಯ ಮಧ್ಯದ ಬಿಳಿಯ ಪದರಕ್ಕೆ ಬೆಸೆದ ತಂತಿ ಎಳೆತಕ್ಕೆ ಬೇಗ ಕಿತ್ತುಬರುವುದರಿಂದ ತಂತಿಯನ್ನೂ ಡಬ್ಬಕ್ಕೆ ಟೇಪಿನಿಂದ ಬಿಗಿಯಿರಿ.

ಇನ್ನು ಎಷ್ಟು ದೂರ ಎಂಬುದು. ಕ್ಯಾಬರೆ ವೋಲ್ಟೇರ್‌ನ ಕ್ರಿಸ್ ವಾಟ್ಸನ್ 1981ರಲ್ಲಿ ತಂಡ ಬಿಟ್ಟವರು ಮುಂದೆ ವನ್ಯಜೀವಿಗಳ ಧ್ವನಿಮುದ್ರಣದಲ್ಲಿ ದೊಡ್ಡ ಹೆಸರಾದರು. ಡೇವಿಡ್ ಅಟೆನ್‌ಬರೋ ಅವರ ವನ್ಯಜೀವಿ ಟಿವಿ ಸರಣಿಗಳಿಗೆ ಕೆಲಸ ಮಾಡಿದರು. ಅಟ್ಟದ ಮೇಲೆ ಟೇಪಿನೊಡನೆ ಪಳಗಿದ ಕಿವಿ ಕಾಡಿನೊಳಗೂ ಕೆಲಸಕ್ಕೆ ಬಂತು. ನಿಮ್ಮ ಬ್ಯಾಂಡ್ ಹತ್ತು ವರ್ಷ ಉಳಿಯಲಿ, ಉಳಿಯದಿರಲಿ, ಈ ಕೇಳುವ ಅಭ್ಯಾಸ ನಿಮ್ಮ ಸ್ವಂತದ್ದಾಗಿರುತ್ತದೆ.

ಪ್ರಶ್ನೆ: ನನ್ನ ತಮ್ಮನ ತಂಡ ಕಾರ್ಖಾನೆಯ ಹಳೆಯ ಶೆಡ್‌ನಲ್ಲಿ ನುಡಿಸುತ್ತದೆ. ಮನೆಗೆ ಬಂದ ಮೇಲೂ ಅವನ ಕಿವಿಯಲ್ಲಿ ಗುಂಯ್ ಎನ್ನುತ್ತಿರುತ್ತದೆ. ಇದು ಸಹಜವೇ?

ಉತ್ತರ: ಅದು ಎಚ್ಚರಿಕೆಯ ಗಂಟೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯೊಂದರ ಮಿತಿಯ ಪ್ರಕಾರ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಆಮೇಲೆ ಪ್ರತಿ 3 ಡೆಸಿಬಲ್ ಏರಿಕೆಗೂ ಆ ಅವಧಿ ಅರ್ಧವಾಗುತ್ತದೆ. ಹಾಗಾಗಿ 100 ಡೆಸಿಬಲ್‌ನಲ್ಲಿ ಉಳಿಯುವುದು 15 ನಿಮಿಷ ಮಾತ್ರ. ಡ್ರಮ್ಸ್ ಮತ್ತು ಆಂಪ್ಲಿಫೈಯರ್ ಇರುವ ತಗಡಿನ ಶೆಡ್‌ನಲ್ಲಿ ಆ ಮಟ್ಟ ಸುಲಭವಾಗಿ ಮುಟ್ಟುತ್ತದೆ. ಅವರು ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಹಾಕಿಕೊಳ್ಳಲಿ, ಕೇಳಲು ಬರುವವರಿಗೂ ಬಾಗಿಲಲ್ಲೇ ಒಂದೊಂದು ಜೊತೆ ಕೊಡಲಿ. ಗುಂಯ್‌ಗುಡುವಿಕೆ ಮರುದಿನವೂ ನಿಲ್ಲದಿದ್ದರೆ ಕಿವಿಯ ವೈದ್ಯರನ್ನು ಕಾಣುವುದನ್ನು ಮುಂದೂಡಬೇಡಿ.

ಶೆಡ್ ಎಂದಿರಾದ್ದರಿಂದ ನೀವು ಕೇಳದ ಇನ್ನೊಂದು ವಿಷಯವನ್ನೂ ಹೇಳಲೇಬೇಕು. 2016ರ ಡಿಸೆಂಬರ್ 2ರಂದು ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ, ಕಲಾವಿದರು ವಾಸಿಸುತ್ತಿದ್ದ ಗೋದಾಮೊಂದರಲ್ಲಿ ಸಂಗೀತ ಕಾರ್ಯಕ್ರಮ ನಡೆಯುತ್ತಿದ್ದಾಗ ಬೆಂಕಿ ಬಿದ್ದು 36 ಜನ ತೀರಿಕೊಂಡರು. ಅಲ್ಲಿ ಹೊರಬರುವ ದಾರಿ ಸುಗಮವಾಗಿರಲಿಲ್ಲ. ಅದಕ್ಕಾಗಿ, ಮುಂದಿನ ಕಾರ್ಯಕ್ರಮದ ದಿನ ನಿಮ್ಮ ತಮ್ಮನ ಜೊತೆ ನೀವೂ ಒಂದು ಗಂಟೆ ಮೊದಲೇ ಹೋಗಿ, ಶೆಡ್‌ನ ಎರಡನೆಯ ಬಾಗಿಲು ಒಳಗಿನಿಂದ ತೆರೆಯುತ್ತದೆಯೇ, ಅದರ ಮುಂದೆ ಡ್ರಮ್ಸ್ ಪೆಟ್ಟಿಗೆಗಳನ್ನು ಒಟ್ಟಿದ್ದಾರೆಯೇ, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಎಲ್ಲ ಆಂಪ್ಲಿಫೈಯರ್‌ಗಳನ್ನೂ ಸಿಕ್ಕಿಸಿದ್ದಾರೆಯೇ ಎಂದು ನೋಡಿ ಬನ್ನಿ.