ಮೂರನೆಯ ಹುಲಿ

ತಮ್ಮ, ನಿನ್ನ ಪತ್ರ ಸಿಕ್ಕಿ ಒಂದು ವಾರ ಆಯಿತು. ಕಿನ್ನಿಗೋಳಿಯವ ಅಂತ ಓದಿದ ಕೂಡಲೇ ಬರೆಯಬೇಕು ಅನಿಸಿತ್ತು, ಕೂತದ್ದು ಇವತ್ತು. ನೀನು ಕೇಳಿದ್ದು ನಾಲ್ಕು ವಿಷಯ. ಸ್ವಿಟ್ಜರ್ಲೆಂಡಿನ ನಮ್ಮ ಬಾಸೆಲ್‌ನ ಮುಖವಾಡ, ಡೋಲಿನ ಹಬ್ಬ ಫಾಸ್ನಖ್ಟ್‌ಗೆ ಆಫೀಸಿನಲ್ಲಿ ರಜೆ ಸಿಗುತ್ತದಾ, ಅಲ್ಲಿ ಸಸ್ಯಾಹಾರ ಎಂತ ಉಂಟು, ಐದು ವರ್ಷದ ಮಗಳನ್ನು ಹತ್ತಿರದ ಪೇಟೆ ಲೀಸ್ಟಾಲ್‌ನ ಬೆಂಕಿ ಮೆರವಣಿಗೆಗೆ ಕರೆದುಕೊಂಡು ಹೋಗಬಹುದಾ. ಕೊನೆಗೆ, "ಅಣ್ಣ, ಮುಖಕ್ಕೆ ಹುಲಿ ಬಣ್ಣ ಹಚ್ಚಿಕೊಂಡು ಹೋಗುವ ಅಂತಿದ್ದೇನೆ, ಆಗಬಹುದಲ್ಲ?" ಇದನ್ನು ಓದಿ ಅಡುಗೆಮನೆಯಲ್ಲಿ ಒಬ್ಬನೇ ನಕ್ಕೆ. ಹೆಂಡತಿ ಬಂದು ಎಂತ ಆಯ್ತು ಅಂತ ಕೇಳಿದಳು.

ರಜೆ ಕೇಳು, ಸಿಗುತ್ತದೆ. ಬಾಸೆಲ್‌ನಲ್ಲಿ ಕೂತು ಫಾಸ್ನಖ್ಟ್‌ಗೆ ರಜೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಊಟದ ವಿಷಯ: ಹಿಟ್ಟು ಹುರಿದು ಮಾಡುವ ಸೂಪು ಕೊಡುತ್ತಾರೆ, ಮಾಂಸದ ಸಾರು ಹಾಕಿರಬಹುದು. ಈರುಳ್ಳಿ 'ವೇಯೆ', ಅಂದರೆ ಒವನ್‌ನಲ್ಲಿ ಬೇಯಿಸಿದ ತೆಳ್ಳಗಿನ ಟಾರ್ಟು, ಅದರಲ್ಲಿ ಹಂದಿಯ ಚೂರು ಇರಬಹುದು. ಚೀಸಿನದ್ದು ತಿನ್ನು. ಇಲ್ಲವಾದರೆ ಮನೆಯಿಂದ ಅವಲಕ್ಕಿ ತಿಂದೇ ಹೊರಡು, ಬೆಳಗಿನ ನಾಲ್ಕು ಗಂಟೆಗೆ ಯಾರಿಗೆ ಹಸಿವು?

ಲೀಸ್ಟಾಲ್‌ಗೆ ಹೋಗು. ಮೊರ್ಗೆಸ್ಟ್ರೈಖ್ ಅಂದರೆ ಸೋಮವಾರ ಬೆಳಗಿನ ನಾಲ್ಕಕ್ಕೆ ಫಾಸ್ನಖ್ಟ್ ಶುರುವಾಗುವ ಮೆರವಣಿಗೆ. ಲೀಸ್ಟಾಲ್‌ನದ್ದು ಅದರ ಹಿಂದಿನ ಸಂಜೆ, ಭಾನುವಾರ, ಅದನ್ನು ಖೀನ್‌ಬೇಸೆ ಅನ್ನುತ್ತಾರೆ. ಪೈನ್ ಮರದ ಸೀಳುಗಳನ್ನು ಪೊರಕೆಯ ಹಾಗೆ ಕಟ್ಟಿ, ಉರಿ ಹಚ್ಚಿ, ಹೆಗಲ ಮೇಲೆ ಹೊತ್ತು ಹಳೆಯ ಪೇಟೆಯೊಳಗೆ ನಡೆಯುತ್ತಾರೆ. ಹಿಂದಿನಿಂದ ಕಬ್ಬಿಣದ ಬಂಡಿಗಳು ಧಗಧಗ ಉರಿಯುತ್ತಾ ಊರಬಾಗಿಲಿನ ಕಮಾನಿನ ಅಡಿಯಲ್ಲೇ ನುಗ್ಗುತ್ತವೆ. ಕಟೀಲಿನ ತೂಟೆದಾರ ನೋಡಿ ಬೆಳೆದವನಿಗೆ ನಾನು ಬೆಂಕಿಯ ಬಗ್ಗೆ ಹೇಳುವುದೆಂತ? ಅತ್ತೂರಿನವರು, ಕೊಡೆತ್ತೂರಿನವರು ಬರಿಮೈಯಲ್ಲಿ ನಿಂತು ಉರಿಯುವ ತೆಂಗಿನ ಗರಿ ಒಬ್ಬರ ಮೇಲೊಬ್ಬರು ಎಸೆಯುವುದನ್ನು ನಾನು ಅಪ್ಪನ ಹೆಗಲ ಮೇಲೆ ಕೂತು ನೋಡಿದವ. ಇಲ್ಲಿ ಎಸೆಯುವುದಿಲ್ಲ, ಹೊರುತ್ತಾರೆ, ಅಷ್ಟೇ ವ್ಯತ್ಯಾಸ. ಮಗಳಿಗೆ ನೈಲಾನ್ ಜಾಕೆಟ್ ಹಾಕಬೇಡ, ಕಿಡಿ ಹಾರುತ್ತದೆ. ಬಾಗಿಲಿನ ಹತ್ತಿರ ನಿಲ್ಲಬೇಡ, ಬಂಡಿ ಬಂದಾಗ ಮುಖ ಸುಡುವಷ್ಟು ಕಾವು.

ಇನ್ನು ಹುಲಿ ಬಣ್ಣ.

ನಾನು ಬಾಸೆಲ್‌ಗೆ ಬಂದದ್ದು 2003ರ ನವೆಂಬರ್. ಬರುವ ಮೊದಲೇ ಈ ಊರಿನ ಹೆಸರು ಗೊತ್ತಿತ್ತು, ನಿನಗೂ ಗೊತ್ತಿರಬೇಕು. ನಮ್ಮ ಮನೆಯ ಅಟ್ಟದಲ್ಲಿ ಮಲಗಿ ಮೇಲೆ ನೋಡಿದರೆ ಹಂಚಿನ ಮೇಲೆ 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865' ಅಂತ ಅಕ್ಷರ ಕಾಣುತ್ತಿತ್ತು. 1834ರಲ್ಲಿ ಇಲ್ಲಿಂದ ಹೊರಟು ಮಂಗಳೂರಿಗೆ ಬಂದವರು ಹಂಚು ಮಾಡಿದರು, 'ಮಂಗಳೂರ ಸಮಾಚಾರ' ಅಚ್ಚು ಹಾಕಿದರು, ಕಿಟ್ಟೆಲರ ನಿಘಂಟು ತಂದರು. ನಾನು ಮಾತ್ರ ತಿರುಗಾ ದಾರಿ ಹಿಡಿದವ ಅಂತ ಬಂದ ಹೊಸತರಲ್ಲಿ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ. ಯಾರಿಗೂ ಅದರಲ್ಲಿ ಅಂಥ ಆಸಕ್ತಿ ಇರಲಿಲ್ಲ ಬಿಡು.

2004ರ ಮಾರ್ಚ್ 1, ಸೋಮವಾರ. ಮೊದಲ ಮೊರ್ಗೆಸ್ಟ್ರೈಖ್. ವೇಷ, ಡೋಲು, ಬೀದಿ ಅಂತ ಕೇಳಿ ಹುಲಿವೇಷ ಕುಣಿಯುವ ನಮ್ಮ ಉಡುಪಿಯ ವಿಟ್ಲಪಿಂಡಿಯೇ ಅಂದುಕೊಂಡೆ. ಬಣ್ಣದ ಡಬ್ಬಿ ತಂದು, ಕನ್ನಡಿ ಮುಂದೆ ಕೂತು, ಕಿತ್ತಳೆ ಬಳಿದು, ಕಪ್ಪು ಪಟ್ಟೆ ಎಳೆದು, ಮೂಗಿನ ಕೆಳಗೆ ಮೀಸೆ ಚುಕ್ಕಿ ಇಟ್ಟು ಮೂರೂವರೆಗೆ ಹೋಗಿ ಜನರ ಮಧ್ಯೆ ನಿಂತೆ. ನಾಲ್ಕು ಹೊಡೆಯಿತು. ಊರಿನ ದೀಪ ಪೂರಾ ಆರಿತು. ಕತ್ತಲೆಯಲ್ಲಿ ಎಲ್ಲಿಂದಲೋ "ಮೊರ್ಗೆಸ್ಟ್ರೈಖ್! ಫೋರ್ವೆರ್ಟ್ಸ್, ಮಾರ್ಶ್!" ಅಂತ ಕೂಗು, ಒಮ್ಮೆಲೇ ಎಲ್ಲ ಬೀದಿಗಳಿಂದ ಡೋಲು ಮತ್ತು ಪಿಕೊಲೊ ಕೊಳಲು. ಮೈ ಜುಂ ಅಂದಿತು. ಆಳೆತ್ತರ ಮೀರಿದ ಬಣ್ಣದ ಲಾಂದ್ರಗಳು ತೂಗುತ್ತಾ ಬಂದವು. ಆ ಬೆಳಕು ನನ್ನ ಮುಖದ ಮೇಲೆ ಬಿತ್ತು. ಸುತ್ತ ನಿಂತವರು ಯಾರೂ ಮುಖಕ್ಕೆ ಒಂದು ಬೊಟ್ಟು ಬಣ್ಣ ಹಾಕಿರಲಿಲ್ಲ. ಎಲ್ಲರೂ ಕೋಟು, ಟೋಪಿ, ಎದೆಯಲ್ಲಿ ಒಂದು ಬಿಲ್ಲೆ. ನಾನೊಬ್ಬನೇ ಹುಲಿ.

ಪಕ್ಕದ ಅಜ್ಜಿ ಚೀಲದಿಂದ ಒಂದು ಕರವಸ್ತ್ರ ತೆಗೆದು, ಮಾತಾಡದೆ ನನ್ನ ಕೈಗಿಟ್ಟರು. ಬೈದಿದ್ದರೆ ವಾಸಿಯಿತ್ತು. ಆಮೇಲೆ ಸಾವಕಾಶವಾಗಿ, ನನಗೆ ಅರ್ಥವಾಗಲಿ ಅಂತ ಬಿಡಿಬಿಡಿ ಜರ್ಮನ್‌ನಲ್ಲಿ ಹೇಳಿದ್ದಿಷ್ಟು: ಬೀದಿಯಲ್ಲಿ ನಡೆಯುವವರು ಬೇರೆ, ಬದಿಯಲ್ಲಿ ನಿಲ್ಲುವವರು ಬೇರೆ. ನಡೆಯುವವರು ಚಿಕ್ಕಂದಿನಿಂದ ಡೋಲು ಕಲಿತವರು, ಮುಖ ಪೂರ್ತಿ ಮುಚ್ಚಿದವರು. ನಿಲ್ಲುವವರು ಮುಖ ತೊಳೆದುಕೊಂಡು ನಿಲ್ಲಬೇಕು.

ಆ ಹೊತ್ತಿಗೆ ಅವಮಾನ ಆಯಿತು, ಸುಳ್ಳು ಹೇಳುವುದಿಲ್ಲ. ಟ್ರಾಮಿನಲ್ಲಿ ಮನೆಗೆ ಬರುವಾಗ ಮಾತ್ರ ಹೊಳೆಯಿತು. ಹುಲಿ ಹಾಕುವ ಹಿಂದಿನ ದಿನ ಊದು ಹಾಕುವ ರಾತ್ರಿ ಬಾರದೆ, ಬಣ್ಣಕ್ಕೆ ಕೋಲು ಹಿಡಿದು ನಿಲ್ಲದೆ, ಬೆಳಿಗ್ಗೆ ಮುಖಕ್ಕೆ ಮಾತ್ರ ನಾಲ್ಕು ಪಟ್ಟೆ ಎಳೆದು ಒಬ್ಬ ಬಂದು ನಮ್ಮ ತಂಡದ ನಡುವೆ ನಿಂತರೆ ನಾವು ಕರವಸ್ತ್ರ ಕೊಡುತ್ತಿದ್ದೆವಾ? ಕಿವಿ ಹಿಡಿದು ಹೊರಗೆ ಕಳಿಸುತ್ತಿದ್ದೆವು.

ಹಾಗಾಗಿ ಬಣ್ಣ ಬೇಡ. ಬಿಲ್ಲೆ ತೆಗೆದುಕೊಂಡು ಎದೆಗೆ ಚುಚ್ಚು, ಬ್ಲಾಗೆಟ್ಟೆ ಅಂತ ಕೇಳಿದರೆ ಕೊಡುತ್ತಾರೆ. ಅದಿಲ್ಲದಿದ್ದರೆ ಮಧ್ಯಾಹ್ನದ ಮೆರವಣಿಗೆಯಲ್ಲಿ ದೊಡ್ಡ ಮೂಗಿನ 'ವಾಗ್ಗಿಸ್' ವೇಷದವರು ನಿನ್ನ ಕಾಲರಿನೊಳಗೆ ಕಾಗದದ ಚೂರು ತುಂಬುತ್ತಾರೆ. ಇದ್ದರೂ ತುಂಬುವುದುಂಟು. ಮಗಳು ಚೂರು ಎಸೆಯುವುದಾದರೆ ಒಂದೇ ಬಣ್ಣದ್ದು ಕೊಡಿಸು, ಬೆರಕೆ ಬಣ್ಣ ಅಂದರೆ ನೆಲದಿಂದ ಗುಡಿಸಿದ್ದು ಅಂತ ಲೆಕ್ಕ.

ನಾನು ನಕ್ಕದ್ದಕ್ಕೆ ಇನ್ನೊಂದು ಕಾರಣ ಉಂಟು, ಅದು ನಗುವಂಥದ್ದಲ್ಲ. ಆರು ವರ್ಷದವನಿದ್ದಾಗ ನನಗೆ ಜ್ವರ ಬಂದು ಆಸೆ ಬಿಟ್ಟಿದ್ದರಂತೆ. ಅಮ್ಮ ಮಂಗಳಾದೇವಿಗೆ ಹರಕೆ ಹೇಳಿದರು, ಮಗ ಮೂರು ನವರಾತ್ರಿ ಹುಲಿ ಹಾಕುತ್ತಾನೆ ಅಂತ. ಹೈಸ್ಕೂಲಿನಲ್ಲಿ ಎರಡು ಹಾಕಿದೆ. ಮೈಯಿಡೀ ಪೇಂಟು, ಉರಿ, ತಾಸೆ ಅಂದರೆ ಹುಲಿಕುಣಿತದ ವಾದ್ಯ ಬಡಿದ ಕೂಡಲೇ ಉರಿಯೆಲ್ಲ ಮಾಯ. ಹನ್ನೆರಡು ಹುಲಿಗಳ ನಡುವೆ ಅಮ್ಮ ನನ್ನನ್ನೇ ಗುರುತು ಹಿಡಿದು ಕೈ ತೋರಿಸುತ್ತಿದ್ದರು. ಹೇಗೆ ಗೊತ್ತಾಯ್ತು ಅಂದರೆ, "ನಡಿಗೆ ಕಾಣುವುದಿಲ್ಲವಾ" ಅನ್ನುತ್ತಿದ್ದರು. ಮೂರನೆಯದ್ದಕ್ಕೆ ಪರೀಕ್ಷೆ ಅಡ್ಡ ಬಂತು. ಆಮೇಲೆ ಕೆಲಸ, ಆಮೇಲೆ ಈ ದೇಶ. ಪ್ರತಿ ನವರಾತ್ರಿಗೆ ಫೋನಿನಲ್ಲಿ, ಬೇರೆಲ್ಲ ಮಾತು ಮುಗಿದ ಮೇಲೆ, "ಮೂರನೆಯದ್ದು ಬಾಕಿ ಉಂಟು ಮಗಾ." ಬರುವ ವರ್ಷ ಅಮ್ಮ. ಅಕ್ಟೋಬರ್‌ನಲ್ಲಿ ರಜೆ ಸಿಗುವುದಿಲ್ಲ ಅಮ್ಮ.

ರಜೆ ಸಿಗುತ್ತಿತ್ತು. ನಾನು ಕೇಳಿದ್ದೇ ಇಲ್ಲ.

2020ಕ್ಕೆ ಟಿಕೆಟ್ ತೆಗೆದೆ. ಆ ವರ್ಷ ಫೆಬ್ರವರಿ 28ಕ್ಕೆ ಸರ್ಕಾರ ದೊಡ್ಡ ಜನಜಂಗುಳಿ ನಿಷೇಧಿಸಿ ಇಲ್ಲಿಯ ಫಾಸ್ನಖ್ಟ್ ನಿಂತಿತು. ಅಲಾರಂ ಇಡದಿದ್ದರೂ ಸೋಮವಾರ ನಾಲ್ಕಕ್ಕೆ ಎಚ್ಚರವಾಗಿ ಕಿಟಕಿ ಹತ್ತಿರ ನಿಂತಿದ್ದೆ. ಅಕ್ಟೋಬರ್‌ನಲ್ಲಿ ಎಂದಿನ ವಿಮಾನವೂ ಇರಲಿಲ್ಲ. ಜನವರಿಯಲ್ಲಿ ಅಮ್ಮ ಹೋದರು. ನಾನು ನೋಡಿದ್ದು ಫೋನಿನಲ್ಲಿ.

2022ರಲ್ಲಿ ಹಾಕಿದೆ. ತಂಡದ ಹುಡುಗರು ನನ್ನ ಹೊಟ್ಟೆಯ ಮೇಲೆ ಪಟ್ಟೆ ಬಿಡಿಸುತ್ತಾ ನಗಾಡಿದರು. ಹುಲಿಗಳು ಹಲ್ಲಿನಲ್ಲಿ ಎತ್ತುವ ಅಕ್ಕಿಮುಡಿಯ ಹತ್ತಿರವೂ ಹೋಗಲಿಲ್ಲ, ಮಂಡಿ ಬಿಡಲಿಲ್ಲ. ನಮ್ಮ ಮನೆಯ ಅಂಗಳಕ್ಕೆ ತಂಡ ಬಂದಾಗ ಚಾವಡಿಯಲ್ಲಿ ಅಕ್ಕ, ಭಾವ, ಮಕ್ಕಳು ನಿಂತಿದ್ದರು. ಹತ್ತು ಹುಲಿಗಳಲ್ಲಿ ನಾನು ಯಾವುದು ಅಂತ ಅವರಿಗೆ ಗೊತ್ತಾಗಲಿಲ್ಲ. ಅಕ್ಕ ಬೇರೆ ಯಾರದೋ ಫೋಟೋ ತೆಗೆದು ನನಗೆ ಕಳಿಸಿದ್ದಾಳೆ. ಅದು ನಾನಲ್ಲ ಅಂತ ಈವರೆಗೆ ಹೇಳಿಲ್ಲ. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಬಾಸೆಲ್‌ಗೆ ಬಂದ ಮೇಲೂ ಕಿವಿಯ ಹಿಂದೆ ಹಳದಿ ಇತ್ತು, ಆಫೀಸಿನಲ್ಲಿ ಕಾಮಾಲೆಯಾ ಅಂತ ಕೇಳಿದರು.

ನಿನ್ನ ಮನೆಯಲ್ಲಿ ಅಂಥದ್ದೇನಾದರೂ ಬಾಕಿ ಉಂಟಾ ಅಂತ ಅಮ್ಮನ ಹತ್ತಿರ ಒಮ್ಮೆ ಕೇಳು. ಅಕ್ಟೋಬರ್ ರಜೆಗೆ ಜನವರಿಯಲ್ಲೇ ಅರ್ಜಿ ಹಾಕು, ಮಕ್ಕಳ ಶಾಲೆಯ ರಜೆ ನೋಡಿ ಆ ವಾರ ಉಳಿದವರು ಹಿಡಿದುಬಿಡುತ್ತಾರೆ.

ನನ್ನ ಮಗಳು ಈಗ ಇಲ್ಲಿಯ ಒಂದು 'ಕ್ಲಿಕ್'ನ, ಅಂದರೆ ಫಾಸ್ನಖ್ಟ್ ಕೂಟದ, ಮಕ್ಕಳ ತಂಡದಲ್ಲಿ ಪಿಕೊಲೊ ಊದುತ್ತಾಳೆ. ನಿನ್ನ ಮಗಳೂ ಎಂಟು ತುಂಬಿದ ಮೇಲೆ ಸೇರಬಹುದು, ಆಗ ಹೇಳು. ಇವಳು ಮನೆಯಲ್ಲಿ ಊದುವಾಗ ಕಿವಿ ಮುಚ್ಚಬೇಕು, ಬೀದಿಯಲ್ಲಿ ಕೇಳಿದರೆ ಎದೆ ಉಬ್ಬುತ್ತದೆ. ಎಲ್ಲರ ಮುಖವೂ ಮುಖವಾಡದ ಒಳಗೆ, ಮೈಯೂ ವೇಷದ ಒಳಗೆ, ಮೇಲಿಂದ ಕತ್ತಲೆ. ಆದರೂ ಎಡಗಾಲು ಸ್ವಲ್ಪ ಹೊರಗೆ ಹಾಕಿ ನಡೆಯುವುದು ಅವಳೊಬ್ಬಳೇ.

ಮೂರೂವರೆಗೆ ಬಾರ್ಫುಸರ್‌ಪ್ಲಾಟ್ಸ್‌ಗೆ ಬನ್ನಿ, ಮೂವರೂ. ಕಾಲುಚೀಲ ಎರಡೆರಡು ಹಾಕಿಕೊಳ್ಳಿ. ಬಿಲ್ಲೆ ನಾನು ತೆಗೆದಿಟ್ಟಿದ್ದೇನೆ.